ಇಬ್ಬರ ಭಾರಕ್ಕೆ ಯಾವ ಶಾಕ್ಸ್? ಚಿಕ್ಕಮಗಳೂರಿನ ರಸ್ತೆಗೆ ಸಸ್ಪೆನ್ಷನ್ ಕಿಟ್‌ಗಳ ವಿಮರ್ಶೆ

ಮೊದಲು ತೀರ್ಪು, ಆಮೇಲೆ ವಿವರ. ಗಾಡಿ ಓಡಿಸುವವರು 90 ಕೆಜಿ ದಾಟಿದ್ದು, ಹಿಂದೆ ಕೂರುವವರು 65–70 ಕೆಜಿ ಇದ್ದು, ಇಬ್ಬರೂ ಸೇರಿ ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೋ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಕಡೆಗೋ ಆಗಾಗ ಹೋಗುವವರಾದರೆ ಕಂಪನಿ ಕೊಟ್ಟ ಹಿಂದಿನ ಶಾಕ್ಸ್ ಸಾಲುವುದಿಲ್ಲ. ಗ್ಯಾಸ್ ತುಂಬಿದ, ರೀಬೌಂಡ್ (ಒತ್ತಿದ ಶಾಕ್ಸ್ ವಾಪಸ್ ಚಿಮ್ಮುವುದಕ್ಕೆ ಇರುವ ತಡೆ) ತಿರುಗಿಸಲು ಬರುವ ಜೋಡಿ ಶಾಕ್ಸನ್ನು ಗಟ್ಟಿ ಸ್ಪ್ರಿಂಗ್ ಹಾಕಿಸಿಯೇ ತರಿಸಿಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದೇ ಶಾಕ್ಸನ್ನು ಡಬ್ಬಿಯಲ್ಲಿ ಬಂದ ಮಾಮೂಲಿ ಸ್ಪ್ರಿಂಗ್‌ನೊಂದಿಗೇ ಹಾಕಿಕೊಂಡರೆ ಅರ್ಧ ದುಡ್ಡು ದಂಡ. ಬ್ರ್ಯಾಂಡ್ ಯಾವುದು ಎನ್ನುವುದು ಎರಡನೇ ಪ್ರಶ್ನೆ. ಸ್ಪ್ರಿಂಗ್ ಎಷ್ಟು ಗಟ್ಟಿ ಎನ್ನುವುದು ಮೊದಲನೆಯದು.

ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ರಾಯಲ್ ಎನ್‌ಫೀಲ್ಡ್‌ನ 350 ಮತ್ತು 650 ಗಾಡಿಗಳನ್ನು, ಅಂದರೆ ಕ್ಲಾಸಿಕ್, ಮೀಟಿಯಾರ್, ಇಂಟರ್‌ಸೆಪ್ಟರ್. ನಮ್ಮ ಕಡೆ ಗಂಡ ಹೆಂಡತಿ ಕೂಡಿ ದೂರ ಹೋಗುವ ಗಾಡಿಗಳಲ್ಲಿ ಇವು ಎದ್ದು ಕಾಣುತ್ತವೆ, ಮೂರಕ್ಕೂ ಹಿಂದೆ ಎರಡು ಶಾಕ್ಸ್. ಹಿಮಾಲಯನ್ ಮತ್ತು 100 ಸಿಸಿ ಗಾಡಿಗಳ ವಿಷಯ ಕೊನೆಗೆ ಚುಟುಕಾಗಿ ಇದೆ.

ಕಂಪನಿ ಸ್ಪ್ರಿಂಗ್ ಯಾಕೆ ಸೋಲುತ್ತದೆ

ಕಂಪನಿಯವರು ಸ್ಪ್ರಿಂಗ್ ಆರಿಸುವಾಗ ಸಾಧಾರಣ ಮೈಕಟ್ಟಿನ ಒಬ್ಬ ಸವಾರನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಹಿಂದೆ ಇನ್ನೊಬ್ಬರು ಕೂತಾಗ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಇಡುವ ಹೊಂದಿಕೆ) ಏರಿಸಿಕೊಂಡು ಹೇಗೋ ನಿಭಾಯಿಸಲಿ ಎನ್ನುವುದು ಲೆಕ್ಕ. ಅದರಲ್ಲಿ ತಪ್ಪೇನಿಲ್ಲ, ಹೆಚ್ಚಿನ ಗಾಡಿಗಳು ಹೆಚ್ಚಿನ ಹೊತ್ತು ಒಬ್ಬರನ್ನೇ ಹೊತ್ತು ಓಡುತ್ತವೆ. ತೊಂದರೆ ಬರುವುದು ಹಿಂದೆ ಕೂತವರ ಭಾರ ಎಲ್ಲಿ ಬೀಳುತ್ತದೆ ಎನ್ನುವುದರಿಂದ. ಓಡಿಸುವವರ ಭಾರ ಎರಡು ಚಕ್ರಕ್ಕೂ ಹಂಚಿಹೋಗುತ್ತದೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂಚಕ್ರದ ಆಕ್ಸಲ್‌ನ ನೆತ್ತಿಯ ಮೇಲೇ ಇರುತ್ತಾರೆ, ಅವರ ಭಾರ ಬಹುಪಾಲು ಹಿಂದಿನ ಶಾಕ್ಸ್‌ಗೇ.

ಇಂಟರ್‌ಸೆಪ್ಟರ್ ಅನ್ನೇ ತೆಗೆದುಕೊಳ್ಳಿ. ಹಿಂಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವುದು 88 ಮಿಮೀ. 95 ಕೆಜಿ ಸವಾರರ ಭಾರದಲ್ಲಿ ಸುಮಾರು 55 ಕೆಜಿ ಹಿಂದಕ್ಕೆ, 70 ಕೆಜಿಯ ಹಿಂಬದಿ ಸವಾರರದ್ದು 65 ಕೆಜಿ, ಒಂದು ಬ್ಯಾಗಿನ 10 ಕೆಜಿ, ಒಟ್ಟು 130 ಕೆಜಿ. ಅಂದರೆ ಸುಮಾರು 1,275 ನ್ಯೂಟನ್. ಲೆಕ್ಕಕ್ಕೆಂದು ಒಂದೊಂದು ಸ್ಪ್ರಿಂಗ್ 18 ನ್ಯೂಟನ್/ಮಿಮೀ (ಅಂದರೆ ಒಂದು ಮಿಮೀ ಕುಗ್ಗಲು 18 ನ್ಯೂಟನ್ ಬಲ) ಎಂದು ಹಿಡಿದು, ಶಾಕ್ಸ್ ಓರೆಯಾಗಿ ನಿಂತಿರುವುದನ್ನು ಬದಿಗಿಟ್ಟರೆ ಎರಡೂ ಸೇರಿ 36. ಜನ ಹತ್ತಿದ ಕೂಡಲೇ 35 ಮಿಮೀ ಕುಸಿತ. ಗಾಡಿ ತನ್ನ ಭಾರಕ್ಕೇ ಒಂದು 10 ಮಿಮೀ ಕುಸಿದಿರುತ್ತದೆ. ಹೊರಡುವ ಮುನ್ನವೇ 88ರಲ್ಲಿ 45 ಖರ್ಚಾಯಿತು. ಉಳಿದ 43 ಮಿಮೀಯಲ್ಲಿ ಹಳ್ಳಿ ಹಳ್ಳಿಗೂ ಇರುವ ಹಂಪ್ಸ್, ಮಳೆಗಾಲದ ಗುಂಡಿ, ಟಾರು ಕಿತ್ತ ತಿರುವು ಎಲ್ಲವನ್ನೂ ನುಂಗಬೇಕು. ನುಂಗಲಾಗದೆ ಶಾಕ್ಸ್ ಕೊನೆ ಮುಟ್ಟಿ ಬಾಟಮ್ ಹೊಡೆಯುತ್ತದೆ. ಹಿಂದೆ ಕೂತವರ ಹೆಲ್ಮೆಟ್ ಮುಂದಿನವರ ಹೆಲ್ಮೆಟ್‌ಗೆ ಟಪ್ ಎಂದು ಬಡಿಯುವುದು ಆಗಲೇ.

ಇದೇ ಲೆಕ್ಕಕ್ಕೆ 24 ನ್ಯೂಟನ್/ಮಿಮೀ ಸ್ಪ್ರಿಂಗ್ ಹಾಕಿ ನೋಡಿ. ಜನರ ಭಾರಕ್ಕೆ 27 ಮಿಮೀ, ಗಾಡಿಯ ಭಾರಕ್ಕೆ 8, ಒಟ್ಟು 35. ಮೇಲೆ 7 ಮಿಮೀ ಪ್ರೀಲೋಡ್ ಕೊಟ್ಟರೆ 28ಕ್ಕೆ ಬರುತ್ತದೆ, ಅಂದರೆ ಒಟ್ಟು ಆಟದ ಮೂರನೇ ಒಂದಂಶಕ್ಕಿಂತ ತುಸು ಕಡಿಮೆ. ರಸ್ತೆ ಗಾಡಿಗೆ ಬೇಕಾದ್ದು ಅದೇ. ಪ್ರೀಲೋಡ್ ಇಳಿಸಿ ಒಬ್ಬರೇ ಹೋದಾಗ ಕುಸಿತ ಸುಮಾರು 19 ಮಿಮೀ, ಸ್ವಲ್ಪ ಗಡುಸು ಎನಿಸುತ್ತದೆ. ಬೆನ್ನು ನೋಯುವಷ್ಟಲ್ಲ, ಆದರೆ ಹೊಸದಾಗಿ ಹಾಕಿದ ಮೇಲೆ ಒಬ್ಬರೇ ಊರೊಳಗೆ ಸುತ್ತಿ ‘ಇದಕ್ಕೆ ಇಷ್ಟು ದುಡ್ಡು ಕೊಟ್ಟೆನಾ’ ಎಂದುಕೊಳ್ಳುವಷ್ಟು. ಇಬ್ಬರಿಗೆಂದು ಆರಿಸಿದ ಸ್ಪ್ರಿಂಗ್ ಒಬ್ಬರಿಗೆ ಮೆತ್ತಗಿರುವುದಿಲ್ಲ. ವಾರದಲ್ಲಿ ಐದು ದಿನ ಒಬ್ಬರೇ ಆಫೀಸಿಗೆ, ತಿಂಗಳಿಗೊಮ್ಮೆ ಮಾತ್ರ ಇಬ್ಬರು ಎನ್ನುವವರು 24ಕ್ಕೆ ಹೋಗದೆ 20–21ರಲ್ಲಿ ನಿಲ್ಲುವುದು ಮೇಲು.

ಪ್ರೀಲೋಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. ‘ಶಾಕ್ಸ್ ಟೈಟ್ ಮಾಡಿಸಿದೆ’ ಎನ್ನುತ್ತಾರೆ. ಪ್ರೀಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಗಾಡಿಯನ್ನು ಎತ್ತಿ ಹಿಡಿಯುತ್ತದೆ ಅಷ್ಟೆ. 18ರ ಸ್ಪ್ರಿಂಗ್ ಕೊನೆ ಮೆಟ್ಟಿಲಿನಲ್ಲೂ 18ರದ್ದೇ. ಕ್ಲಾಸಿಕ್, ಮೀಟಿಯಾರ್ ಎರಡಕ್ಕೂ ಆರು ಮೆಟ್ಟಿಲ ಪ್ರೀಲೋಡ್ ಇದೆ. ಇಬ್ಬರು ಕೂತಾಗ ಕೊನೆಯ ಮೆಟ್ಟಿಲಿಗೆ ಏರಿಸಿಯೂ ಹಂಪ್ಸ್‌ನಲ್ಲಿ ಬಡಿಯುತ್ತಿದ್ದರೆ ಅಥವಾ ಅದೇ ಮೆಟ್ಟಿಲಿನಲ್ಲಿ ಒಬ್ಬರೇ ಹೋಗುವಾಗ ಗುಂಡಿಯಿಂದ ಎದ್ದ ಚಕ್ರ ಟಣ್ ಎಂದು ಮೇಲಕ್ಕೆ ಹೊಡೆಯುತ್ತಿದ್ದರೆ, ಸ್ಪ್ರಿಂಗ್ ಬದಲಿಸುವ ಕಾಲ ಬಂತು.

ಕೊಳ್ಳುವ ಮುನ್ನ ನೋಡಬೇಕಾದ್ದು

ಹತ್ತಾರು ಸಾವಿರ ಸುರಿಯುವ ಮುಂಚೆ ಪಂಚರ್ ಅಂಗಡಿಗೆ ಹೋಗಿ. ಚೈನ್ ಗಾರ್ಡ್ ಅಥವಾ ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದಿರುವ ತೋಳು) ಮೇಲೆ ಅಂಟಿಸಿದ ಚೀಟಿಯಲ್ಲಿ ಇಬ್ಬರಿಗೆ ಎಷ್ಟು ಗಾಳಿ ಎಂದು ಬೇರೆಯಾಗಿ ಬರೆದಿರುತ್ತದೆ. ಅಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗ ಹಾಕಿಸಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಲೊಡಲೊಡ ಎಂದರೆ ಸ್ವಿಂಗ್ ಆರ್ಮ್ ಬುಷ್ಷೋ ಚಕ್ರದ ಬೇರಿಂಗೋ ಹೋಗಿದೆ. ಅದನ್ನು ಹಾಗೇ ಬಿಟ್ಟು ಯಾವ ದೇಶದ ಶಾಕ್ಸ್ ಹಾಕಿದರೂ ತಿರುವಿನಲ್ಲಿ ಗಾಡಿ ಬಳುಕುತ್ತದೆ. ಹಳೆಯ ಶಾಕ್ಸ್ ರಾಡಿನ ಮೇಲೆ ಎಣ್ಣೆ ಜಿನುಗಿದೆಯೇ ನೋಡಿ. ರಾಡಿನ ಬುಡದಲ್ಲಿರುವ ಬಂಪ್ ಸ್ಟಾಪ್ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿ, ಪುಡಿ ಉದುರಿದರೆ ಶಾಕ್ಸ್ ಬಹಳ ದಿನದಿಂದ ಬಾಟಮ್ ಹೊಡೆಯುತ್ತಿದೆ ಎಂದರ್ಥ.

ಇಬ್ಬರ ಒಟ್ಟು ಭಾರ 150 ಕೆಜಿ ಒಳಗಿದ್ದು ಗಾಡಿ ನಲವತ್ತು ಸಾವಿರ ಕಿಲೋಮೀಟರ್ ಓಡಿದ್ದರೆ ಕಂಪನಿಯದೇ ಹೊಸ ಜೋಡಿ ಹಾಕಿಸಿ. ಹಳೆಯ ಎಣ್ಣೆ ತೆಳುವಾಗಿ ಡ್ಯಾಂಪಿಂಗ್ (ಸ್ಪ್ರಿಂಗ್ ತೂಗಾಡದಂತೆ ಎಣ್ಣೆ ಕೊಡುವ ತಡೆ) ಹೋದ ಶಾಕ್ಸನ್ನು ಜನ ‘ಸ್ಪ್ರಿಂಗ್ ಮೆತ್ತಗಾಗಿದೆ’ ಎಂದು ತಪ್ಪು ತಿಳಿಯುತ್ತಾರೆ. ನಿಜವಾಗಿ ಸ್ಪ್ರಿಂಗ್ ಅಷ್ಟು ಬೇಗ ಮೆತ್ತಗಾಗುವುದಿಲ್ಲ.

ಇನ್ನು ನಾಟಿ ವೈದ್ಯಗಳು. ಶಾಕ್ಸ್ ಕೆಳಗೆ ಲೇತ್‌ನಲ್ಲಿ ಮಾಡಿಸಿದ ಕಬ್ಬಿಣದ ತುಂಡು ಸೇರಿಸಿ ಗಾಡಿ ಎತ್ತರಿಸುವುದು ಹಾಸನದಲ್ಲೂ ಇದೆ, ಇಲ್ಲೂ ಇದೆ. ಅದರಿಂದ ಸೀಟು ಎತ್ತರವಾಗುತ್ತದೆ, ಸ್ಪ್ರಿಂಗ್ ಇದ್ದ ಹಾಗೇ ಇರುತ್ತದೆ, ಕೆಳಗಿನ ಬೋಲ್ಟಿನ ಮೇಲೆ ಅಡ್ಡ ಹೊರೆ ಬಿದ್ದು ಅದು ಬಾಗುತ್ತದೆ. ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿ ಗಟ್ಟಿ ಮಾಡುವವರೂ ಇದ್ದಾರೆ. ಹನ್ನೆರಡು ಸುತ್ತಿನಲ್ಲಿ ಒಂದು ಹೋದರೆ ಗಟ್ಟಿಯಾಗುವುದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಆದರೆ ಉದ್ದ ಕಡಿಮೆಯಾಗಿ ಪ್ರೀಲೋಡ್ ಹೋಗುತ್ತದೆ, ಗ್ಯಾಸ್ ಕಟ್ಟರ್‌ನ ಬಿಸಿಗೆ ತುದಿಯ ಹದ ಕೆಡುತ್ತದೆ. ತಂತಿಯ ದಪ್ಪದ ಲೆಕ್ಕವೇ ಬೇರೆ: ಅದು ನಾಲ್ಕನೇ ಘಾತದಲ್ಲಿ ಕೆಲಸ ಮಾಡುತ್ತದೆ, ತಂತಿ ನೂರಕ್ಕೆ ಹತ್ತು ದಪ್ಪವಾದರೆ ಸ್ಪ್ರಿಂಗ್ ನೂರಕ್ಕೆ ನಲವತ್ತಾರು ಗಟ್ಟಿ. ಆದ್ದರಿಂದ ಅಂಗಡಿಯಲ್ಲಿ ಎರಡು ಸ್ಪ್ರಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು ‘ಎರಡೂ ಒಂದೇ ತರ ಇವೆಯಲ್ಲ’ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಅರ್ಧ ಮಿಮೀ ವ್ಯತ್ಯಾಸವೂ ಎಣಿಕೆಗೆ ಬರುತ್ತದೆ.

ಯಾವ ದರ್ಜೆಯದು ಕೊಳ್ಳಬೇಕು

ಬ್ರ್ಯಾಂಡ್‌ಗಳಲ್ಲಿ ಥಾಯ್ಲೆಂಡಿನ ವೈಎಸ್‌ಎಸ್, ನಮ್ಮ ದೇಶದ ಗೇಬ್ರಿಯಲ್, ಸ್ವೀಡನ್ನಿನ ಓಲಿನ್ಸ್ ಹೆಸರು ಹೆಚ್ಚು ಕೇಳುತ್ತವೆ. ಹೆಸರು ಬಿಟ್ಟು ದರ್ಜೆ ನೋಡಿದರೆ ಆಯ್ಕೆ ಸುಲಭ.

ಮೊದಲನೆಯದು ಪ್ರೀಲೋಡ್ ಮಾತ್ರ ತಿರುಗಿಸಲು ಬರುವ ಸಾದಾ ಗ್ಯಾಸ್ ಶಾಕ್ಸ್. ಗ್ಯಾಸ್ ಅಂದರೆ ನೈಟ್ರೋಜನ್. ಅದರ ಕೆಲಸ ಗಾಡಿಯನ್ನು ಎತ್ತುವುದಲ್ಲ, ಎಣ್ಣೆಯನ್ನು ಒತ್ತಡದಲ್ಲಿಟ್ಟು ನೊರೆಗಟ್ಟದಂತೆ ನೋಡಿಕೊಳ್ಳುವುದು. ಕಿತ್ತುಹೋದ ಟಾರಿನ ಮೇಲೆ ಹತ್ತು ಕಿಲೋಮೀಟರ್ ಒಂದೇ ಸಮನೆ ಅದುರಿದರೆ ಮಾಮೂಲಿ ಶಾಕ್ಸ್ ಒಳಗಿನ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಗಾಳಿ ಸೇರಿ ನೊರೆಯಾಗುತ್ತದೆ, ಗಾಡಿ ತೇಲಾಡಲು ಶುರು ಮಾಡುತ್ತದೆ. ಗ್ಯಾಸ್ ಶಾಕ್ಸ್‌ನಲ್ಲಿ ಅದು ಬಹಳ ತಡವಾಗಿ ಬರುತ್ತದೆ. ಗಟ್ಟಿ ಸ್ಪ್ರಿಂಗ್ ಸಿಗುವುದಾದರೆ ಈ ದರ್ಜೆ ಕ್ಲಾಸಿಕ್‌ಗೆ ಧಾರಾಳ ಸಾಕು.

ಎರಡನೆಯದು ಪ್ರೀಲೋಡ್ ಜೊತೆಗೆ ರೀಬೌಂಡ್ ಕೂಡ ತಿರುಗಿಸಲು ಬರುವುದು. ನಮ್ಮ ಶಿಫಾರಸು ಇದಕ್ಕೇ. ಕಾರಣ ಸರಳ. ಗಟ್ಟಿ ಸ್ಪ್ರಿಂಗ್ ಒತ್ತಿದಾಗ ಹೆಚ್ಚು ಬಲದಿಂದ ಹಿಂದಕ್ಕೆ ಚಿಮ್ಮುತ್ತದೆ, ಚಿಮ್ಮುವುದನ್ನು ತಡೆಯುವ ಡ್ಯಾಂಪಿಂಗ್ ಅದಕ್ಕೆ ತಕ್ಕಂತೆ ಏರಬೇಕು. ಏರದಿದ್ದರೆ ಹಂಪ್ಸ್ ದಾಟಿದ ಮರುಕ್ಷಣ ಹಿಂದೆ ಕೂತವರು ಸೀಟು ಬಿಟ್ಟು ಎದ್ದು ಕೂರುತ್ತಾರೆ. ಕಂಪನಿ ಶಾಕ್ಸ್‌ಗೆ ಬರಿಯ ಗಟ್ಟಿ ಸ್ಪ್ರಿಂಗ್ ಬದಲಿಸಿ ಹಾಕಿದವರು ಅನುಭವಿಸುವ ಪಾಡು ಇದು. ಸ್ಪ್ರಿಂಗ್ ಸರಿ ಇರುತ್ತದೆ, ಒಳಗಿನ ವಾಲ್ವ್ ಹಳೆಯದೇ.

ಮೂರನೆಯದು ಮೇಲೆ ಎಣ್ಣೆ ಡಬ್ಬಿ ಕೂರಿಸಿದ ಪಿಗಿಬ್ಯಾಕ್ ಮಾದರಿ. ಇದರಲ್ಲಿ ಎಣ್ಣೆ ಹೆಚ್ಚು, ಬಿಸಿ ತಡೆಯುವುದು ಹೆಚ್ಚು. ಕೆಲವದರಲ್ಲಿ ಕಂಪ್ರೆಷನ್ (ಶಾಕ್ಸ್ ಕುಗ್ಗುವುದಕ್ಕೆ ಇರುವ ತಡೆ) ಕೂಡ ತಿರುಗಿಸಬಹುದು. ಗಿರಿ ಹತ್ತಿ ಇಳಿಯುವ ಜೋಡಿಗೆ ಇದು ಬೇಕೇ ಬೇಕು ಎಂದೇನಿಲ್ಲ. ಮೇಲಾಗಿ ಡಬ್ಬಿ ಸೀರೆ ಗಾರ್ಡ್‌ಗೋ ಪ್ಯಾನಿಯರ್ (ಪಕ್ಕಕ್ಕೆ ತೂಗುವ ಪೆಟ್ಟಿಗೆ) ಸ್ಟ್ಯಾಂಡ್‌ಗೋ ತಾಗುತ್ತದೆ. ತಾಗುತ್ತದೆಂದು ಸೀರೆ ಗಾರ್ಡ್ ಕಿತ್ತುಹಾಕುವುದು ಕೇಂದ್ರ ಮೋಟಾರು ವಾಹನ ನಿಯಮ 123ಕ್ಕೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಸೀರೆ ಉಟ್ಟೋ ದುಪಟ್ಟಾ ಹೊದ್ದೋ ಹಿಂದೆ ಕೂರುವವರಿಗೆ ಅದು ಪ್ರಾಣಾಪಾಯ. ಗಾರ್ಡ್ ಇದ್ದಲ್ಲೇ ಇರುವಂತೆ ಹೊಂದುವ ಶಾಕ್ಸನ್ನೇ ಆರಿಸಿ.

150 ಸಿಸಿ ಗಾಡಿಗಳಿಗೆಂದು ಬಣ್ಣಬಣ್ಣದ ಡಬ್ಬಿ ಅಂಟಿಸಿದ ಶಾಕ್ಸ್ ಸಹ ಮಾರುಕಟ್ಟೆಯಲ್ಲಿವೆ, ಒಳಗೆ ಶಾಕ್ಸ್‌ಗೂ ಡಬ್ಬಿಗೂ ತೂತೇ ಇರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆ ಕಡೆ ತಲೆ ಹಾಕಬೇಡಿ.

ಓಲಿನ್ಸ್‌ನಂಥದ್ದು ಬೇಕೆನ್ನುವವರಿಗೆ ಒಂದೇ ಮಾತು: ಕೆಲಸದಲ್ಲಿ ಅದರ ನಯವೇ ಬೇರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರಲ್ಲೂ ಸ್ಪ್ರಿಂಗ್ ನಿಮ್ಮ ಭಾರಕ್ಕೆ ಹೊಂದದಿದ್ದರೆ ಅದರ ಅರ್ಧ ಬೆಲೆಯ, ಸರಿಯಾದ ಸ್ಪ್ರಿಂಗ್ ಇರುವ ಶಾಕ್ಸ್ ಇಬ್ಬರನ್ನು ಹೆಚ್ಚು ಸುಖವಾಗಿ ಕರೆದೊಯ್ಯುತ್ತದೆ.

ಆರ್ಡರ್ ಕೊಡುವಾಗ ಗಾಡಿಯ ಹೆಸರು, ವರ್ಷ ಮಾತ್ರ ಕೇಳಿ ಬಿಲ್ ಹರಿಯುವ ಅಂಗಡಿಯವರಿಗೆ ನೀವೇ ಹೇಳಿ: ಹೆಲ್ಮೆಟ್, ಜಾಕೆಟ್ ಸಮೇತ ಓಡಿಸುವವರ ಭಾರ, ಹಿಂದಿನವರ ಭಾರ, ಸಾಮಾನಿನ ಭಾರ. ಡಬ್ಬಿ ಬಂದ ಮೇಲೆ ಸ್ಪ್ರಿಂಗ್ ಮೇಲಿನ ಅಚ್ಚು ಓದಿ. ಕೆಲವರು ನ್ಯೂಟನ್/ಮಿಮೀ ಲೆಕ್ಕದಲ್ಲಿ, ಕೆಲವರು ಕೆಜಿ/ಮಿಮೀ, ಕೆಲವರು ಪೌಂಡ್/ಇಂಚು ಲೆಕ್ಕದಲ್ಲಿ ಬರೆಯುತ್ತಾರೆ. 1 ಕೆಜಿ/ಮಿಮೀ ಎಂದರೆ 9.8 ನ್ಯೂಟನ್/ಮಿಮೀ. 1 ನ್ಯೂಟನ್/ಮಿಮೀ ಎಂದರೆ 5.7 ಪೌಂಡ್/ಇಂಚು. ಮೇಲಿನ ಬೋಲ್ಟ್ ನಡುವಿನಿಂದ ಕೆಳಗಿನ ಬೋಲ್ಟ್ ನಡುವಿನವರೆಗಿನ ಉದ್ದವನ್ನು ಹಳೆಯದರ ಜೊತೆ ಹೋಲಿಸಿ. ಹಿಂಭಾಗ 10 ಮಿಮೀ ಎತ್ತರವಾದರೆ 1,400 ಮಿಮೀ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) ಇರುವ ಗಾಡಿಯ ಮುಂದಿನ ಫೋರ್ಕ್ ಸುಮಾರು 0.4 ಡಿಗ್ರಿ ನೆಟ್ಟಗಾಗುತ್ತದೆ. ಅಷ್ಟು ಹಾಯಾಗಿ ಹೊಂದುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಹಗುರವೂ ಆಗುತ್ತದೆ. 25 ಮಿಮೀ ಹೆಚ್ಚಿದ್ದರೆ ಬೇಡ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ಅತಿಯಾಗಿ ವಾಲುತ್ತದೆ, ಚೈನ್ ಸ್ವಿಂಗ್ ಆರ್ಮಿನ ರಬ್ಬರನ್ನು ಉಜ್ಜುತ್ತದೆ.

ಹಾಕುವ ಕ್ರಮ

ಮನೆಯಲ್ಲೇ ಮಾಡಬಹುದಾದ ಕೆಲಸ. ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂಚಕ್ರದ ಅಡಿಗೆ ಮರದ ಹಲಗೆ ತೂರಿಸಿ, ಶಾಕ್ಸ್ ಮೇಲೆ ಎಳೆತವೂ ಒತ್ತಡವೂ ಇಲ್ಲದ ಎತ್ತರಕ್ಕೆ ತನ್ನಿ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಬಿಚ್ಚಿ, ಹೊಸದು ಹಾಕಿ, ಬೋಲ್ಟ್ ಕೈಯಲ್ಲಿ ಕೂರಿಸಿ, ಆಮೇಲೆ ಇನ್ನೊಂದು ಬದಿ. ಹಾಗೆ ಮಾಡಿದರೆ ಸ್ವಿಂಗ್ ಆರ್ಮ್ ಜಾರಿ ಬೀಳುವುದಿಲ್ಲ, ತೂತು ಹೊಂದಿಸಲು ಸುತ್ತಿಗೆ ಬೇಕಾಗುವುದಿಲ್ಲ. ಹೊಸ ಶಾಕ್ಸ್‌ನ ಕಣ್ಣಿನೊಳಗಿನ ಸ್ಲೀವ್ ಬೋಲ್ಟಿಗೆ ಬಿಗಿಯಾಗಿ ಕೂರಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಆಟ ಇರಕೂಡದು. ಆಟ ಇದ್ದರೆ ಸ್ಲೀವ್ ತಪ್ಪು ಬಂದಿದೆ, ವಾಷರ್ ಹಾಕಿ ಸುಧಾರಿಸುವ ಕೆಲಸ ಬೇಡ. ಬೋಲ್ಟ್ ಬಿಗಿತ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು, ಟಾರ್ಕ್ ರೆಂಚ್‌ನಲ್ಲೇ.

ಹಾಕಿದ ಮೇಲೆ ಸೈಲೆನ್ಸರ್, ಚೈನ್ ಗಾರ್ಡ್, ಸೀರೆ ಗಾರ್ಡ್, ಹಿಂದಿನ ಫುಟ್‌ರೆಸ್ಟ್ ಇವುಗಳಿಗೂ ಸ್ಪ್ರಿಂಗ್‌ಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಇದೆಯೇ ನೋಡಿ. ಚೈನ್ ಸಡಿಲವನ್ನು ಮತ್ತೆ ಸರಿಮಾಡಬೇಕು. ಇದನ್ನು ಬಹುಮಂದಿ ಮರೆಯುತ್ತಾರೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಗಾಡಿಯ ಎತ್ತರ ಬದಲಾದರೆ ನಿಂತಲ್ಲಿ ಕಾಣುವ ಸಡಿಲವೂ ಬದಲಾಗುತ್ತದೆ. ಇಬ್ಬರನ್ನು ಕೂರಿಸಿಕೊಂಡು, ಮೂರನೆಯವರಿಂದ ಚೈನ್ ಮುಟ್ಟಿಸಿ ನೋಡಿ. ಆಗಲೂ ತುಸು ಆಟ ಉಳಿದಿರಬೇಕು.

ಕುಸಿತ ಅಳೆಯಲು ಟೇಪ್ ಸಾಕು. ಹಿಂಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ಒಂದು ಗುರುತು ಹಾಕಿ ಅಳೆದು ಬರೆದುಕೊಳ್ಳಿ. ಗಾಡಿಯನ್ನು ನೆಲಕ್ಕಿಳಿಸಿ ಮತ್ತೊಮ್ಮೆ, ಇಬ್ಬರೂ ಜಾಕೆಟ್ ಹೆಲ್ಮೆಟ್ ಸಮೇತ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂತಾಗ ಮಗದೊಮ್ಮೆ. ಪಕ್ಕದಲ್ಲಿ ಗಾಡಿ ಹಿಡಿಯಲು ಒಬ್ಬರು ಬೇಕು. ಮೊದಲ ಅಳತೆಯಿಂದ ಮೂರನೆಯದನ್ನು ಕಳೆದರೆ ಒಟ್ಟು ಕುಸಿತ. 88 ಮಿಮೀ ಆಟಕ್ಕೆ ಅದು 26–30ರೊಳಗೆ ಬರಲಿ. ಬರಲು ಪ್ರೀಲೋಡ್ ಪೂರ್ತಿ ಏರಿಸಲೇಬೇಕಾಯಿತು ಎಂದಾದರೆ ಸ್ಪ್ರಿಂಗ್ ಇನ್ನೂ ಮೆತ್ತಗಿದೆ, ಅಂಗಡಿಯವರಿಗೆ ಫೋನ್ ಮಾಡುವ ಹೊತ್ತು. ಪ್ರೀಲೋಡ್ ರಿಂಗ್ ಸೊನ್ನೆಗಿಳಿಸಿದರೂ 20ಕ್ಕಿಂತ ಹೆಚ್ಚು ಕುಸಿಯುತ್ತಿಲ್ಲ ಎಂದರೆ ಅತಿ ಗಟ್ಟಿ.

ರೀಬೌಂಡ್ ಹೊಂದಿಸುವಾಗ ಮೊದಲು ಗುಬುಟನ್ನು ಪ್ರದಕ್ಷಿಣೆಯಾಗಿ ಮೆಲ್ಲಗೆ ಪೂರ್ತಿ ಮುಚ್ಚಿ. ಜೋರು ಬೇಡ, ಒಳಗಿನ ಸೂಜಿ ಹಾಳಾಗುತ್ತದೆ. ಅಲ್ಲಿಂದ ಕ್ಲಿಕ್ ಎಣಿಸುತ್ತ ನಡುವಿಗೆ ಬನ್ನಿ, ಎರಡೂ ಬದಿಗೆ ಒಂದೇ ಎಣಿಕೆ. ಸೀಟನ್ನು ಮೈಭಾರ ಹಾಕಿ ಒತ್ತಿ ಬಿಟ್ಟರೆ ಒಂದೇ ಬಾರಿ ಮೇಲೆದ್ದು ನಿಲ್ಲಬೇಕು. ಮೇಲೆದ್ದು ಇನ್ನೊಂದು ಸಲ ತೂಗಿದರೆ ಎರಡು ಕ್ಲಿಕ್ ಮುಚ್ಚಿ. ಎಣ್ಣೆಯಲ್ಲಿ ಅದ್ದಿದ ಹಾಗೆ ನಿಧಾನ ಏಳುತ್ತಿದ್ದರೆ ಎರಡು ತೆರೆಯಿರಿ. ನಿಜವಾದ ಪರೀಕ್ಷೆ ರಸ್ತೆಯದು. ತೋಟದ ಮಣ್ಣು ರಸ್ತೆಯ ಸಾಲು ಸಾಲು ಉಬ್ಬುಗಳ ಮೇಲೆ 25–30ರ ವೇಗದಲ್ಲಿ ಹೋಗುವಾಗ ಮೊದಲ ಉಬ್ಬು ಮೆತ್ತಗೆ, ನಾಲ್ಕನೆಯದು ಕಲ್ಲಿನಂತೆ ಎನಿಸಿದರೆ ರೀಬೌಂಡ್ ಹೆಚ್ಚಾಗಿದೆ. ಒಂದು ಉಬ್ಬಿಗೂ ಇನ್ನೊಂದಕ್ಕೂ ನಡುವೆ ಚಕ್ರ ಕೆಳಗಿಳಿಯಲು ಪುರುಸೊತ್ತು ಸಿಗದೆ ಶಾಕ್ಸ್ ಮೆಟ್ಟಿಲು ಮೆಟ್ಟಿಲಾಗಿ ಕುಗ್ಗಿ ಕೂತಿರುತ್ತದೆ. ಈ ತೀರ್ಪನ್ನು ಓಡಿಸುವವರಿಗಿಂತ ಹಿಂದೆ ಕೂತವರನ್ನೇ ಕೇಳಿ, ಚಕ್ರದ ಮೇಲೆ ಕೂತಿರುವವರು ಅವರು.

ಮುಂದಿನ ಫೋರ್ಕ್ ಮರೆಯಬೇಡಿ

ಹಿಂದೆ ಜನ ಕೂತರೆ ಮುಂದೇನೂ ಭಾರ ಬೀಳುವುದಿಲ್ಲವಲ್ಲ ಎನ್ನುವ ವಾದ ನಿಂತ ಗಾಡಿಗೆ ಸರಿ. ಗಿರಿಯಿಂದ ಇಳಿಯುವಾಗ ಮುಂದಿನ ಬ್ರೇಕ್ ಹಿಡಿದ ಕ್ಷಣ ಆ ಭಾರದ ದೊಡ್ಡ ಪಾಲು ಮುಂದಕ್ಕೆ ನುಗ್ಗುತ್ತದೆ. ಇಂಟರ್‌ಸೆಪ್ಟರ್‌ನ ಫೋರ್ಕ್‌ಗೆ 110 ಮಿಮೀ, ಕ್ಲಾಸಿಕ್‌ಗೆ 130 ಮಿಮೀ ಆಟ. ತಿರುವಿಗೆ ಮುನ್ನ ಅದರ ಬಹುಪಾಲು ಬ್ರೇಕಿಗೇ ಹೋದರೆ ತಿರುವಿನ ಗುಂಡಿಗೆ ಉಳಿಯುವುದು ಏನೂ ಇಲ್ಲ.

ಪರೀಕ್ಷೆ ಬಲು ಸುಲಭ. ಫೋರ್ಕ್‌ನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಸೀಲ್‌ಗೆ ತಾಗುವ ಹಾಗೆ ಕೆಳಗೆ ತಳ್ಳಿ. ಇಬ್ಬರೂ ಹೋಗಿ ಬನ್ನಿ. ಟೈ ಎಲ್ಲಿಗೆ ಏರಿ ನಿಂತಿದೆಯೋ ಅದು ನೀವು ಬಳಸಿದ ಆಟ. ಕೊನೆಗೆ 10–15 ಮಿಮೀ ಉಳಿದಿದ್ದರೆ ಸರಿ. ಏನೂ ಉಳಿದಿಲ್ಲವೆಂದರೆ ಸ್ಪ್ರಿಂಗ್ ಬದಲಿಸಿ. 40 ಮಿಮೀ ಉಳಿದಿದ್ದರೆ ನೀವು ಸುಮ್ಮನೆ ಗಡುಸು ಅನುಭವಿಸುತ್ತಿದ್ದೀರಿ.

ಫೋರ್ಕ್ ಸ್ಪ್ರಿಂಗ್ ಕಿಟ್ ಹಿಂದಿನ ಶಾಕ್ಸ್‌ಗಿಂತ ಬಹಳ ಅಗ್ಗ, ಫಲ ಮಾತ್ರ ಇಳಿಜಾರಿನಲ್ಲಿ ಎದ್ದು ಕಾಣುತ್ತದೆ. ಬರಿಯ ದಪ್ಪ ಎಣ್ಣೆ ಹಾಕಿ ಸುಧಾರಿಸುವುದಕ್ಕೆ ನಮ್ಮ ಮತ ಇಲ್ಲ. ಈ ಗಾಡಿಗಳ ಫೋರ್ಕ್ ಒಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ಹರಿಯುತ್ತದೆ. ತೂತಿನ ತಡೆ ವೇಗದ ವರ್ಗಕ್ಕೆ ಏರುತ್ತದೆ: ಚಕ್ರ ಎರಡು ಪಟ್ಟು ವೇಗದಲ್ಲಿ ಎದ್ದರೆ ತಡೆ ನಾಲ್ಕು ಪಟ್ಟು. ದಪ್ಪ ಎಣ್ಣೆ ಬ್ರೇಕ್ ಹಿಡಿದಾಗಿನ ಬಾಗುವಿಕೆಯನ್ನು ತುಸು ನಿಧಾನ ಮಾಡುತ್ತದೆ, ಅದಕ್ಕೆ ಬದಲಾಗಿ ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಫೋರ್ಕ್ ಬೀಗ ಹಾಕಿದ ಹಾಗೆ ನಿಂತು ಏಟು ಮಣಿಕಟ್ಟಿಗೆ ಬರುತ್ತದೆ. ಸ್ಪ್ರಿಂಗ್ ಬದಲಿಸಿ, ಎಣ್ಣೆಯನ್ನು ಕಿಟ್‌ನವರು ಹೇಳಿದ ದರ್ಜೆಗೆ ಇಡಿ. ಇನ್ನೊಂದು ಮಾತು, ಒಂದು ಕಂಪನಿಯ 10ಡಬ್ಲ್ಯು ಇನ್ನೊಂದರ 10ಡಬ್ಲ್ಯುಗೆ ಸಮ ಇರಬೇಕೆಂದೇನಿಲ್ಲ. ಡಬ್ಬದ ಹಿಂದೆ 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ) ಎಂದು ಬರೆದಿರುವುದನ್ನು ನೋಡಿ.

ಕೆಲಸ ಮಾಡಿಸುವಾಗ ಮೆಕ್ಯಾನಿಕ್ ಪಕ್ಕದಲ್ಲಿ ನಿಲ್ಲಿ. ಮುಂಚಕ್ರ ಎತ್ತಿದ ಮೇಲೆ ಮೇಲಿನ ಕ್ಲಾಂಪ್ ಸಡಿಲಿಸಿ, ಕೆಳಗಿನ ಕ್ಲಾಂಪ್ ಹಿಡಿದಿರುವಾಗಲೇ ಫೋರ್ಕ್‌ನ ಮುಚ್ಚಳ ಸಡಿಲಿಸಬೇಕು. ಒಳಗೆ ಸ್ಪ್ರಿಂಗ್ ಒತ್ತಡ ಇರುತ್ತದೆ, ಕೊನೆ ಸುತ್ತಿನಲ್ಲಿ ಮುಖ ಮೇಲೆ ಇಡಬೇಡಿ. ಎಣ್ಣೆ ಅಳೆಯುವುದು ಸ್ಪ್ರಿಂಗ್ ಹೊರಗಿಟ್ಟು, ಕೊಳವೆಯನ್ನು ಪೂರ್ತಿ ಕುಗ್ಗಿಸಿ, ಮೇಲಿನ ಅಂಚಿನಿಂದ ಎಣ್ಣೆಯ ಮಟ್ಟದವರೆಗೆ ಮಿಮೀ ಲೆಕ್ಕದಲ್ಲಿ. ಅದಕ್ಕೂ ಮುನ್ನ ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ತೆಗೆಯಬೇಕು. ಎಡ ಬಲ ಎರಡೂ ಒಂದೇ ಮಟ್ಟ ಇರಲಿ. ‘ಒಂದೊಂದಕ್ಕೆ ಇಷ್ಟು ಎಂಎಲ್ ಹಾಕಿದರೆ ಆಯ್ತು ಸಾರ್’ ಎಂದರೆ ಒಪ್ಪಬೇಡಿ, ಹಳೆಯ ಎಣ್ಣೆ ಪೂರ್ತಿ ಇಳಿದಿರುವುದಿಲ್ಲ. ಎಣ್ಣೆಯ ಮೇಲೆ ಉಳಿದ ಗಾಳಿಯೂ ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಮಟ್ಟ 5–10 ಮಿಮೀ ಏರಿಸಿದರೆ ಕೊನೆಯ ಆಟದಲ್ಲಿ ಫೋರ್ಕ್ ಗಟ್ಟಿಯಾಗುತ್ತದೆ. ಅದಕ್ಕಿಂತ ಏರಿಸಿದರೆ ಸೀಲ್ ಒಡೆದು ಎಣ್ಣೆ ಹೊರಗೆ. ಚಕ್ರ ಕೂರಿಸಿದ ಮೇಲೆ ಆಕ್ಸಲ್‌ನ ಪಿಂಚ್ ಬೋಲ್ಟ್ ಬಿಗಿಯುವ ಮುನ್ನ ಗಾಡಿ ನೆಲಕ್ಕಿಳಿಸಿ ಬ್ರೇಕ್ ಹಿಡಿದು ಫೋರ್ಕ್ ನಾಲ್ಕೈದು ಸಲ ಒತ್ತಬೇಕು. ಇಲ್ಲದಿದ್ದರೆ ಎರಡು ಕೊಳವೆಗಳೂ ಒಂದಕ್ಕೊಂದು ಓರೆಯಾಗಿ ಸಿಕ್ಕಿಕೊಂಡು, ಹೊಸ ಸ್ಪ್ರಿಂಗ್ ಹಾಕಿದರೂ ಹಳೆಯದಕ್ಕಿಂತ ಕಡೆಯಾಗಿ ಕೆಲಸ ಮಾಡುತ್ತದೆ.

ಶಾಕ್ಸ್ ಗಟ್ಟಿಯಾದರೂ ಗಾಡಿ ಗಟ್ಟಿಯಾಗದು

ಹೊಸ ಶಾಕ್ಸ್ ಬಂದ ಮೇಲೆ ಹಿಂದೆ ಇನ್ನೊಂದು ಪೆಟ್ಟಿಗೆ, ಪಕ್ಕಕ್ಕೆ ಎರಡು ಪ್ಯಾನಿಯರ್ ಹೇರುವ ಆಸೆ ಹುಟ್ಟುತ್ತದೆ. ಗಾಡಿಯ ಒಟ್ಟು ಭಾರದ ಮಿತಿ ಮ್ಯಾನ್ಯುಯಲ್‌ನಲ್ಲಿ ಇದೆ, ಶಾಕ್ಸ್ ಬದಲಿಸಿದ್ದಕ್ಕೆ ಅದು ಒಂದು ಕೆಜಿಯೂ ಏರುವುದಿಲ್ಲ. ಸಬ್‌ಫ್ರೇಮ್, ಕಡ್ಡಿಗಳು, ಟೈರು ಎಲ್ಲ ಹಳೆಯವೇ. ಟೈರಿನ ಪಕ್ಕದಲ್ಲಿ ಅಳತೆಯ ನಂತರ ಬರುವ ಅಂಕಿ ಅದರ ಹೊರೆಯ ಮಿತಿ: 62 ಎಂದರೆ 265 ಕೆಜಿ, 66 ಎಂದರೆ 300, 69 ಎಂದರೆ 325. ಕಡ್ಡಿ ಚಕ್ರ ಇದ್ದರೆ ಇಬ್ಬರ ಸವಾರಿ ಹೆಚ್ಚಾದ ಮೇಲೆ ಹಿಂದಿನ ಕಡ್ಡಿಗಳನ್ನು ಆಗಾಗ ಬೆರಳಿನಿಂದ ಮೀಟಿ ನೋಡಿ, ಒಂದು ಸಡಿಲವಾದದ್ದು ಕೂಡಲೇ ಕೇಳಿಸುತ್ತದೆ.

ಅಂದಹಾಗೆ ಹೆಡ್‌ಲೈಟ್. ಹಿಂದೆ ಕುಸಿದ ಗಾಡಿಯ ಬೆಳಕು ಮರದ ತುದಿಗೆ ಬೀಳುತ್ತದೆ, ಘಾಟಿಯಲ್ಲಿ ಎದುರಿಂದ ಬರುವ ಬಸ್ಸಿನವರು ಬೈಯುವುದು ಅದಕ್ಕೇ. ಎತ್ತರ ಸರಿಹೋದ ಮೇಲೆ ಇಬ್ಬರೂ ಕೂತು ಗೋಡೆಗೆ ಬೆಳಕು ಹೊಡೆದು ಮತ್ತೆ ಹೊಂದಿಸಿಕೊಳ್ಳಿ.

ಹಿಮಾಲಯನ್ 411ಕ್ಕೆ ಹಿಂದೆ ಒಂದೇ ಶಾಕ್, 180 ಮಿಮೀ ಆಟ, ನಡುವೆ ಲಿಂಕೇಜ್ (ಚಕ್ರಕ್ಕೂ ಶಾಕ್‌ಗೂ ನಡುವಿನ ಸನ್ನೆ ಜೋಡಣೆ). ಆದ್ದರಿಂದ ಮೇಲಿನ ನ್ಯೂಟನ್ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ಮಾರುವವರ ಭಾರದ ಪಟ್ಟಿಯನ್ನೇ ನಂಬಬೇಕು. ಅದರಲ್ಲಿ ಶಾಕ್‌ಗಿಂತ ಮೊದಲು ಲಿಂಕೇಜ್ ಬೇರಿಂಗ್ ಬಿಚ್ಚಿಸಿ ಗ್ರೀಸ್ ಹಾಕಿಸಿ, ಒಂದು ಮಳೆಗಾಲ ಕಳೆದ ಮೇಲೆ ಒಣಗಿ ತುಕ್ಕು ಹಿಡಿದಿರುವುದೇ ಹೆಚ್ಚು. ಸ್ಪ್ಲೆಂಡರ್‌ನಂಥ ಗಾಡಿಗೆ ದುಬಾರಿ ಶಾಕ್ಸ್ ಬೇಡವೇ ಬೇಡ. ಐದು ಮೆಟ್ಟಿಲ ಪ್ರೀಲೋಡ್ ಇರುವ ಕಂಪನಿಯದೇ ಹೊಸ ಜೋಡಿ, ಸರಿಯಾದ ಗಾಳಿ, ಅಷ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸ್ಪ್ರಿಂಗ್ ಸುತ್ತುಗಳ ನಡುವೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ರಾಡ್ ಮೇಲೂ. ಆ ಮರಳು ಸೀಲನ್ನು ತಿನ್ನುತ್ತದೆ. ವಾಟರ್ ಸರ್ವಿಸ್‌ನವರ ಜೋರು ನೀರನ್ನು ನೇರ ಸೀಲ್‌ಗೆ ಹೊಡೆಸಬೇಡಿ, ಮಗ್ಗಿನ ನೀರು, ಮೆತ್ತನೆಯ ಬ್ರಷ್, ಆಮೇಲೆ ಒಣಬಟ್ಟೆ. ಪ್ರೀಲೋಡ್ ರಿಂಗ್‌ನ ಮರೆಯಲ್ಲಿ (ಥ್ರೆಡ್) ಮಣ್ಣು ಇರುವಾಗಲೇ ಸಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಮರೆ ಹರಿಯುತ್ತದೆ, ತೊಳೆದು ಒಂದು ಹನಿ ಎಣ್ಣೆ ಬಿಟ್ಟು ತಿರುಗಿಸಿ. ಫೋರ್ಕ್‌ಗೆ ರಬ್ಬರ್ ಗೇಟರ್ ಇದ್ದರೆ ಮಳೆಗಾಲದ ಕೊನೆಗೆ ಎತ್ತಿ ನೋಡಿ, ಒಳಗೆ ನಿಂತ ನೀರು ಕೊಳವೆಗೆ ತುಕ್ಕು ಹಿಡಿಸುತ್ತದೆ.

ಎಣ್ಣೆ, ಸೀಲ್ ಬದಲಿಸಿ ಮತ್ತೆ ಗ್ಯಾಸ್ ತುಂಬಲು ಬರುವ ಶಾಕ್ಸೇ ಕೊಳ್ಳಿ, ಬಿಸಾಡುವ ಮಾದರಿ ಬೇಡ. ಟೈರಿಗೆ ನೈಟ್ರೋಜನ್ ಹಾಕುವ ಕಡೆ ಈ ಕೆಲಸ ಆಗುವುದಿಲ್ಲ, ಶಾಕ್ಸ್ ಒಳಗಿನ ಒತ್ತಡ ಟೈರಿನದಕ್ಕಿಂತ ಹಲವು ಪಟ್ಟು. ಸಾಮಾನ್ಯವಾಗಿ ಬೆಂಗಳೂರಿಗೇ ಕಳಿಸಬೇಕು. ಕೊರಿಯರ್ ಹೋಗಿ, ಕೆಲಸ ಮುಗಿದು, ವಾಪಸ್ ಬರುವವರೆಗೆ ಗಾಡಿ ನಿಲ್ಲಬಾರದೆಂದರೆ ಕಂಪನಿಯ ಹಳೆಯ ಜೋಡಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ರಾಡಿಗೆ ತೆಳುವಾಗಿ ಗ್ರೀಸ್ ಸವರಿ, ಬೋಲ್ಟ್, ವಾಷರ್ ಸಮೇತ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ನೆಟ್ಟಗೆ ನಿಲ್ಲಿಸಿಡಿ.